ಐದು ಡಿಗ್ರಿ ದಾಟಿದ ದಿನಗಳು

ತೊಂಬತ್ತು ದಿನಗಳ ಉಷ್ಣತೆಯನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಬರೆದು ಮುಗಿಸಿದೆ. ಗುರುವಾರ ಊಟ ಮಾಡಿ ಕೂತವನು ನಾಲ್ಕೂವರೆಗೆ ಎದ್ದೆ. ಮೂರು ಪೆನ್ನು ಇಟ್ಟುಕೊಂಡಿದ್ದೆ, ಎರಡು ನೀಲಿ, ಒಂದು ಕಪ್ಪು. ಹತ್ತು ದಿನಕ್ಕೊಮ್ಮೆ ಪೆನ್ನು ಬದಲಿಸಿದೆ. ನಡುವೆ ಒಂದು ಹಾಳೆಯ ಮೇಲೆ ಬೇಕೆಂದೇ ಟೀ ಲೋಟದ ತಳ ಒತ್ತಿ ಕಲೆ ಮಾಡಿದೆ. ಬೆಳಿಗ್ಗೆ ಮೂರು ಡಿಗ್ರಿ, ಸಂಜೆ ನಾಲ್ಕು. ಮಾರನೆಯ ದಿನ ನಾಲ್ಕು, ಮೂರೂವರೆ. ಇಡ್ಲಿ ಹಿಟ್ಟು ಇಡುವ ಕೋಲ್ಡ್ ರೂಮು ಐದು ಡಿಗ್ರಿ ದಾಟಬಾರದು ಎಂಬುದು ನಿಯಮ. ನನ್ನ ಪುಸ್ತಕದಲ್ಲಿ ಅದು ಒಂದು ದಿನವೂ ದಾಟಲಿಲ್ಲ.

ಎದ್ದು ಮೈ ಮುರಿದು, "ನೋಡೇ, ಹೆಂಗೈತೆ?" ಎಂದು ಹೆಂಡತಿ ರತ್ನಳ ಮುಂದೆ ಪುಸ್ತಕ ಹಿಡಿದೆ.

ಅವಳು ಉದ್ದಿನ ಬೇಳೆ ತೊಳೆಯುತ್ತಿದ್ದಳು. ಕೈ ಒರೆಸಿಕೊಳ್ಳಲೂ ಇಲ್ಲ. "ಜೂನ್ ಹನ್ನೆರಡಕ್ಕೆ ಅರವತ್ತು ಕೇಜಿ ಹಿಟ್ಟು ಚೆಲ್ಲಿದ್ವಲ್ಲ, ಅವತ್ತೂ ನಾಲ್ಕು ಡಿಗ್ರೀನಾ?"

"ಅದನ್ನ ಬರೆದ್ರೆ ಪಾಸ್ ಮಾಡ್ತಾರಾ? ತಲೆ ಐತಾ ನಿಂಗೆ?"

"ನಾನು ಬರೆದಿದ್ದೀನಿ."

ಬರೆದಿದ್ದಳು, ನಿಜ. ಕೋಲ್ಡ್ ರೂಮಿನ ಬಾಗಿಲ ಪಕ್ಕ ಊರಿಂದ ತರಿಸಿದ ಕನ್ನಡ ಕ್ಯಾಲೆಂಡರ್ ತೂಗುಹಾಕಿದ್ದಳು. ತಿಥಿ, ನಕ್ಷತ್ರ, ರಾಹುಕಾಲ ಎಲ್ಲ ಇರುವ ದೊಡ್ಡ ಕ್ಯಾಲೆಂಡರ್. ಊರಲ್ಲಿ ನಮ್ಮವ್ವ ಹಸು ಎಷ್ಟು ಸೇರು ಕರೆಯಿತು, ಯಾವತ್ತು ಗಬ್ಬ ಕಟ್ಟಿತು ಎಂದು ಕ್ಯಾಲೆಂಡರಿನ ಚೌಕದಲ್ಲೇ ಬರೆಯುತ್ತಿದ್ದಳು. ರತ್ನ ಮದುವೆಯಾಗಿ ಬಂದವಳು ಅದನ್ನೇ ಕಲಿತಳು. ಹಸು ಹೋಯಿತು, ಅಭ್ಯಾಸ ಹೋಗಲಿಲ್ಲ. ಇಲ್ಲಿನ ಸರ್ಕಾರದ ಪುಸ್ತಕ ಮಲಯ್ ಭಾಷೆಯಲ್ಲಿದೆ, ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ನಾನು ಇವತ್ತು ನಾಳೆ ಎನ್ನುತ್ತ ಮೂರು ತಿಂಗಳು ಖಾಲಿ ಬಿಟ್ಟಿದ್ದೆ. ಅವಳು ಮಾತ್ರ ದಿನಕ್ಕೆರಡು ಸಲ ಕೋಲ್ಡ್ ರೂಮಿನ ಬಾಗಿಲ ಮೇಲೆ ಉಷ್ಣತೆ ತೋರಿಸುವ ಕೆಂಪು ಅಂಕಿ ನೋಡಿ, ಪೆನ್ಸಿಲಿನಲ್ಲಿ ಕನ್ನಡದ ಅಂಕಿಗಳಲ್ಲಿ ಬರೆದಿಡುತ್ತಿದ್ದಳು.

ಆ ಕ್ಯಾಲೆಂಡರಿಗೆ ಹಿಟ್ಟಿನ ಬೆರಳಚ್ಚು, ಅರಿಶಿನದ ಕಲೆ, ಮೂಲೆಗೆ ಕುಂಕುಮ. ಅದನ್ನು ನಾಳೆ ತಪಾಸಣೆಗೆ ಬರುವ ಅಧಿಕಾರಿ ನೋಡಿದರೆ ಮರ್ಯಾದೆ ಉಳಿಯುತ್ತದೆಯೇ? ಮೊಳೆಯಿಂದ ಕಿತ್ತು, ಸುರುಳಿ ಸುತ್ತಿ, ಖಾಲಿ ಬೇಳೆ ಡ್ರಮ್ಮಿನೊಳಗೆ ಹಾಕಿ ಮುಚ್ಚಳ ಬಿಗಿದೆ. ರತ್ನ ನೋಡಿದಳು, ಮತ್ತೆ ಬೇಳೆ ತೊಳೆಯತೊಡಗಿದಳು. ಅವಳು ಜಗಳಕ್ಕೆ ಬರದಿದ್ದರೆ ನನಗೆ ಇನ್ನೂ ಸಿಟ್ಟು.

ಇಷ್ಟಕ್ಕೂ ನನಗೆ ಹೆದರಿಕೆ ಯಾಕೆಂದು ಹೇಳಬೇಕು. ಈ ಮಲಯ್ ನಾಡಿನಲ್ಲಿ, ನಿಲಾಯ್ ಎಂಬ ಊರಿನ ಹೊರಗೆ, ವಿಮಾನಗಳು ತಲೆಯ ಮೇಲೇ ಇಳಿಯುವ ಕಡೆ, ಒಂದು ಸಾಲಿನಲ್ಲಿ ಹನ್ನೆರಡು ಮಳಿಗೆಗಳಿವೆ. ಸಣ್ಣ ಆಹಾರ ಉದ್ಯಮಗಳಿಗೆಂದೇ ಇಲ್ಲಿನ ಸರ್ಕಾರದ ಸಂಸ್ಥೆಯೊಂದು ಕಟ್ಟಿಸಿದ್ದು. ನೀರು ನಿಲ್ಲದ ಇಳಿಜಾರು ನೆಲ, ತ್ರೀ ಫೇಸ್ ಕರೆಂಟು, ಜಿಡ್ಡು ಹಿಡಿಯುವ ತೊಟ್ಟಿ, ಲಾರಿ ತಿರುಗಿಸುವಷ್ಟು ಜಾಗ. ಬೀಗ ತೆಗೆದು ಗ್ರೈಂಡರ್ ಇಟ್ಟರೆ ಕೆಲಸ ಶುರು. ಬಾಡಿಗೆ ಹೊರಗಿನದರ ಅರ್ಧ. ಆದರೆ ಎರಡು ಷರತ್ತು. ಒಂದು, ಈ ದೇಶದ ಪ್ರಜೆಯೊಬ್ಬರ ಪಾಲು ಹೆಚ್ಚಿರಬೇಕು. ಇನ್ನೊಂದು, ಎರಡು ವರ್ಷದೊಳಗೆ ಸುರಕ್ಷಿತ ಆಹಾರದ ಸರ್ಟಿಫಿಕೇಟ್ ಪಡೆಯಬೇಕು. ಇಲ್ಲವಾದರೆ ಮಳಿಗೆ ಸರದಿಯಲ್ಲಿ ಮುಂದಿರುವವರಿಗೆ. ಬಾಯಿಮಾತಿನ ಷರತ್ತಲ್ಲ ಅದು. ಏಳನೇ ಮಳಿಗೆಯಲ್ಲಿ ಮೀನಿನ ಹಪ್ಪಳ ಮಾಡುತ್ತಿದ್ದವನನ್ನು ಹೋದ ವರ್ಷ ಎಬ್ಬಿಸಿದರು. ಅವನು ಬಾಣಲೆಗಳನ್ನು ಲಾರಿಗೆ ಹಾಕುವಾಗ ನಾನೇ ಒಂದು ಕೈ ಹಿಡಿದಿದ್ದೆ.

ನಮ್ಮ ಎರಡು ವರ್ಷ ಜುಲೈ ಮೂವತ್ತೊಂದಕ್ಕೆ ಮುಗಿಯುತ್ತಿತ್ತು. ತಪಾಸಣೆ ಜುಲೈ ಇಪ್ಪತ್ತನಾಲ್ಕಕ್ಕೆ. ಸರ್ಟಿಫಿಕೇಟ್ ಬಂದರೆ ಮಾಂಟ್ ಕಿಯಾರಾದ ಎರಡು ದೊಡ್ಡ ಅಂಗಡಿಗಳು, ವಿಮಾನಕ್ಕೆ ಊಟ ಕಟ್ಟುವ ಒಂದು ಅಡುಗೆಮನೆ ನಮ್ಮ ಹಿಟ್ಟು ತೆಗೆದುಕೊಳ್ಳಲು ಕಾದಿದ್ದವು. ಬರದಿದ್ದರೆ ಗ್ರೈಂಡರುಗಳನ್ನು ಪುಚೊಂಗಿನ ನಮ್ಮ ಮನೆಯ ಕಾರ್ ನಿಲ್ಲಿಸುವ ಜಾಗದಲ್ಲಿ ಇಟ್ಟು ಟಾರ್ಪಾಲು ಮುಚ್ಚುವುದು. ಐವತ್ತೆರಡು ವರ್ಷಕ್ಕೆ ಎರಡನೇ ಸಲ.

ಮೊದಲನೇ ಸಲ ನಮ್ಮ ತಾಲ್ಲೂಕಿನಲ್ಲಿ. ಅಲ್ಲೂ ಒಂದು ಕೈಗಾರಿಕಾ ವಸಾಹತು ಇತ್ತು. ಬೋರ್ಡು ದೊಡ್ಡದು. ನಲವತ್ತು ಸೈಟು ಹಂಚಿದರು. ಮೂವತ್ತು ಸೈಟು ಮಂತ್ರಿಗಳ ಕಡೆಯವರಿಗೆ ಹೋಯಿತು. ಅವರು ಬೇಲಿ ಹಾಕಿ, ಬೆಲೆ ಏರಲಿ ಎಂದು ಕಾದರು. ಒಬ್ಬ ಕಲ್ಯಾಣ ಮಂಟಪ ಕಟ್ಟಿದ. ಕೆಲಸ ಮಾಡಲೆಂದೇ ಬಂದವರು ಹತ್ತು ಜನ, ಅದರಲ್ಲಿ ಹಿಟ್ಟಿನ ಗಿರಣಿ ಇಟ್ಟ ನಾನೊಬ್ಬ. ಟ್ರಾನ್ಸ್‌ಫಾರ್ಮರಿಗೆ ಹದಿನಾಲ್ಕು ತಿಂಗಳು ಕಾದೆ. ಇನ್ಸ್‌ಪೆಕ್ಟರ್ ಬರುತ್ತಿದ್ದರು, ಗಿರಣಿಯ ಕಡೆ ತಿರುಗಿಯೂ ನೋಡದೆ ಕುರ್ಚಿಯಲ್ಲಿ ಕೂತು ರಿಜಿಸ್ಟರ್ ಕೇಳುತ್ತಿದ್ದರು. ಒಂದು ಸಲ ರಿಜಿಸ್ಟರ್ ಖಾಲಿ ಇದ್ದಾಗ ಅವರೇ ಹೇಳಿಕೊಟ್ಟರು, "ಈಗ ಕೂತು ತುಂಬ್ಸಯ್ಯ, ನಾನು ಎಳನೀರು ಕುಡ್ಕೊಂಡು ಬರ್ತೀನಿ." ಗಿರಣಿ ಮುಚ್ಚುವ ದಿನವೂ ನನ್ನ ರಿಜಿಸ್ಟರ್ ಸರಿಯಿತ್ತು. ಆಮೇಲೆ ರುಬ್ಬುವ ಯಂತ್ರ ಜೋಡಿಸುವ ಫಿಟ್ಟರ್ ಆಗಿ ಈ ದೇಶಕ್ಕೆ ಬಂದೆ. ಇಪ್ಪತ್ತು ವರ್ಷವಾಯಿತು. ಆದರೆ ಆ ಪಾಠ ಮರೆತಿರಲಿಲ್ಲ. ಪುಸ್ತಕ ತುಂಬಿದ್ದರೆ ಸಾಕು.

ಶುಕ್ರವಾರ ಬೆಳಿಗ್ಗೆ ನಮ್ಮ ಪಾಲುದಾರಳು ಸುಗಂಧಿ ಎಲ್ಲರಿಗಿಂತ ಮೊದಲು ಬಂದು ನೆಲ ತಿಕ್ಕುತ್ತಿದ್ದಳು. ಪುಚೊಂಗಿನಲ್ಲಿ ನಮ್ಮ ಪಕ್ಕದ ಮನೆ, ಇಲ್ಲೇ ಹುಟ್ಟಿದ ತಮಿಳಿನವಳು, ಶಾಲೆಯಲ್ಲಿ ಗುಮಾಸ್ತೆಯಾಗಿ ನಿವೃತ್ತಳಾದವಳು. ಮೊದಮೊದಲು, ನಮ್ಮ ಬೆವರಿಗೆ ಅವಳಿಗೆ ಯಾಕೆ ದೊಡ್ಡ ಪಾಲು ಎಂದು ಎರಡು ತಿಂಗಳು ಸುಗಂಧಿಯ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಯಾವ ಕಚೇರಿಯಲ್ಲಿ ಯಾವ ಕಿಟಕಿ, ಯಾವ ಫಾರ್ಮು ಎಂದು ಅವಳು ಓಡಾಡಿ ಕೆಲಸ ಮಾಡಿಸಿಕೊಂಡು ಬರುವುದನ್ನು ಕಂಡ ಮೇಲೆ ಬಾಯಿ ಮುಚ್ಚಿಕೊಂಡೆ.

"ಅಣ್ಣೇ, ಶರ್ಟು ಬದಲಾಯ್ಸಿ. ಗ್ರೀಸ್ ಇದೆ."

"ಅವರು ಹಿಟ್ಟು ನೋಡೋಕೆ ಬರೋದಾ, ನನ್ನ ಶರ್ಟು ನೋಡೋಕಾ?"

"ಎರಡೂ ನೋಡ್ತಾರೆ ಲಾ. ಹೋಗಿ." ನಮ್ಮ ಜೊತೆ ಇದ್ದು ಕನ್ನಡ ಕಲಿತಿದ್ದರೂ ಮಾತಿನ ಕೊನೆಗೆ ಇಲ್ಲಿಯವರ 'ಲಾ' ಬಿಟ್ಟಿರಲಿಲ್ಲ.

ಮಗಳು ಇಂಚರ ಹತ್ತು ನಿಮಿಷದ ದಾರಿಯಲ್ಲಿರುವ ಯೂನಿವರ್ಸಿಟಿಯಲ್ಲಿ ಆಹಾರ ವಿಜ್ಞಾನ ಓದುತ್ತಾಳೆ. ಕ್ಲಾಸ್ ಇಲ್ಲವೆಂದು ಬಂದಿದ್ದಳು. ತಲೆಗೆ ಬಲೆ ಟೋಪಿ ಹಾಕಿಕೊಂಡು ಮೇಜಿನ ಮೇಲಿದ್ದ ನನ್ನ ಪುಸ್ತಕ ತಿರುವಿದಳು. ಎರಡು ಹಾಳೆ ನೋಡಿದವಳೇ ತಲೆ ಎತ್ತಿದಳು.

"ಅಪ್ಪಾ, ದಿಸ್ ಈಸ್ ಫೇಕ್."

"ಏನಂದೆ?"

"ಮೂರು ಪೆನ್ನು, ಒಂದೇ ಹ್ಯಾಂಡ್‌ರೈಟಿಂಗ್ ಮೂಡ್. ನಮ್ ಕ್ಲಾಸಲ್ಲಿ ಹೀಗೆ ಮಾಡಿದ್ರೆ ಲೆಕ್ಚರರ್ ಸೀದಾ ಝೀರೋ ಕೊಡ್ತಾರೆ. ಅಮ್ಮನ ಕ್ಯಾಲೆಂಡರ್ ಎಲ್ಲಿ?"

"ಕೆಲಸ ನೋಡ್ಕೊ ಹೋಗು. ನಿನ್ನ ಲೆಕ್ಚರರ್ ಗಿರಣಿ ನಡೆಸಿದ್ದಾನಾ?"

ಅಷ್ಟರಲ್ಲಿ ರತ್ನ, "ಹತ್ತೂವರೆ ಆಯ್ತು, ರಾಹುಕಾಲ ಶುರು," ಎಂದಳು. ಅದೇ ಹೊತ್ತಿಗೆ ಗೇಟಿನಲ್ಲಿ ಒಂದು ಸಣ್ಣ ಬಿಳಿ ಕಾರು ತಿರುಗಿತು.

ಆರೋಗ್ಯ ಇಲಾಖೆಯ ಅಧಿಕಾರಿ ಪುವಾನ್ ರೋಹಾನಾ. ಇಲ್ಲಿ ಗೌರವಕ್ಕೆ ಹೆಂಗಸರನ್ನು ಪುವಾನ್, ಗಂಡಸರನ್ನು ಎಂಚಿಕ್ ಎನ್ನುತ್ತಾರೆ. ನಲವತ್ತರ ಆಸುಪಾಸು, ತಲೆಗೆ ಬೂದು ಬಣ್ಣದ ವಸ್ತ್ರ, ಹೆಗಲಿಗೆ ಚೀಲ. ಡ್ರೈವರ್ ಇಲ್ಲ, ಜವಾನ ಇಲ್ಲ. ನಾನು ಕುರ್ಚಿ ಎಳೆದೆ, ಕೂರಲಿಲ್ಲ. ಸುಗಂಧಿ ಕಾಫಿ ತಂದಳು, ಮುಟ್ಟಲಿಲ್ಲ. ತಮ್ಮ ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು ಟಾರ್ಚ್ ತೆಗೆದರು. ಸೀದಾ ಹೋಗಿ ಗ್ರೈಂಡರ್ ಕೆಳಗೆ ಮಂಡಿಯೂರಿದರು.

ಅಲ್ಲಿಗೇ ನನಗೆ ಬೆವರು ಶುರುವಾಯಿತು. ಇವರು ಯಂತ್ರ ನೋಡುವ ಜಾತಿ!

ಆದರೆ ಯಂತ್ರದ ವಿಷಯದಲ್ಲಿ ನನ್ನನ್ನು ಹಿಡಿಯುವವರು ಇನ್ನೂ ಹುಟ್ಟಿಲ್ಲ. ಕಲ್ಲು ಬಿಚ್ಚಿ ತೋರಿಸಿ ಎಂದರು, ಎರಡು ನಿಮಿಷದಲ್ಲಿ ಬಿಚ್ಚಿದೆ. ಬೇರಿಂಗಿನ ಹತ್ತಿರ ಬೆರಳು ಒರೆಸಿ ನೋಡಿದರು, ಬೆರಳು ಒಣಗಿತ್ತು. ಚರಂಡಿಯ ಜಾಲರಿ ಎತ್ತಿಸಿದರು, ಚೊಕ್ಕ. ರತ್ನಳ ಉಗುರು ನೋಡಿದರು, ಪ್ಯಾಕಿಂಗಿನ ಮೂವರು ಹೆಂಗಸರ ಲಸಿಕೆಯ ಕಾರ್ಡು ನೋಡಿದರು. ಬೇಳೆ ಮೂಟೆ ನೆಲದಿಂದ ಎಷ್ಟು ಎತ್ತರ ಎಂದು ಟೇಪು ಹಿಡಿದರು. ಒಂದೊಂದಕ್ಕೂ ಫಾರ್ಮಿನ ಮೇಲೆ ಟಿಕ್, ಟಿಕ್. ಆ ಸದ್ದು ಕೇಳುತ್ತ ನನ್ನ ಎದೆ ಉಬ್ಬುತ್ತಾ ಹೋಯಿತು. ಸುಗಂಧಿ ಹಿಂದಿನಿಂದ ನನ್ನ ತೋಳು ಚಿವುಟಿದಳು. ಇಂಚರಳ ಮುಖದಲ್ಲೂ ನಗು. ಮೂವತ್ತೆರಡು ಟಿಕ್ ಎಣಿಸಿದೆ!

"ಉಷ್ಣತೆಯ ದಾಖಲೆ," ಎಂದರು ಪುವಾನ್.

ಎರಡೂ ಕೈಯಲ್ಲಿ ಕೊಟ್ಟೆ.

ಒಂದು ಹಾಳೆ. ಇನ್ನೊಂದು. ಟೀ ಕಲೆಯ ಹಾಳೆಯ ಹತ್ತಿರ ನಿಂತರು, ಕಲೆಯನ್ನು ಬೆರಳಲ್ಲಿ ಮುಟ್ಟಿದರು. ಹಿಂದಕ್ಕೆ ಹೋದರು. ಮುಂದಕ್ಕೆ ಬಂದರು.

"ಎಂಚಿಕ್ ಚಾಮಯ್ಯ, ನಿಮ್ಮ ಕೋಲ್ಡ್ ರೂಮ್ ಸ್ವರ್ಗದಲ್ಲಿದೆಯಾ?"

ಅವರು ಮಲಯ್‌ನಲ್ಲಿ ಕೇಳಿದ್ದು. ಇಪ್ಪತ್ತು ವರ್ಷದಲ್ಲಿ ನನಗೂ ಆ ಭಾಷೆ ಬರುತ್ತದೆ, ಸಿಟ್ಟು ಬಂದಾಗ ಇನ್ನೂ ಚೆನ್ನಾಗಿ ಬರುತ್ತದೆ. "ಯಾಕೆ ಪುವಾನ್? ನಾನೇ ಜೋಡಿಸಿದ್ದು. ಒಳ್ಳೇ ಮಾಲು."

"ತೊಂಬತ್ತು ದಿನದಲ್ಲಿ ಒಂದು ಸಲವೂ ಐದು ದಾಟಿಲ್ಲ. ನನ್ನ ಮನೆಯ ಫ್ರಿಜ್ಜೂ ಹೀಗಿಲ್ಲ." ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ಜೂನ್ ಹನ್ನೆರಡು. ಬೆಳಿಗ್ಗೆ ಮೂರು, ಸಂಜೆ ನಾಲ್ಕು. ಅವತ್ತು ಈ ಸಾಲಿಗೆಲ್ಲ ಒಂಬತ್ತರಿಂದ ಐದರವರೆಗೆ ಕರೆಂಟ್ ಇರಲಿಲ್ಲ. ಕೇಬಲ್ ಕೆಲಸ. ನೋಟೀಸ್ ಇನ್ನೂ ನಿಮ್ಮ ಗೇಟಿನ ಬೋರ್ಡಿನಲ್ಲೇ ಇದೆ. ಒಳಗೆ ಬರುವಾಗ ಓದಿದೆ."

ಒಂದು ವಿಮಾನ ತಲೆಯ ಮೇಲೆ ಹಾದುಹೋಯಿತು, ಅದರ ಸದ್ದು ಮುಗಿಯುವವರೆಗೆ ಪುವಾನ್ ಕಾದರು.

"ಸುಳ್ಳು ದಾಖಲೆ ಇದ್ದರೆ ತಪಾಸಣೆ ಅಲ್ಲಿಗೇ ಮುಗಿಯುತ್ತದೆ. ಮತ್ತೆ ಅರ್ಜಿ ಹಾಕಿ. ದಿನಾಂಕ ಸಿಗಲು ಆರು ವಾರ."

ಆರು ವಾರ! ಏಳು ದಿನದಲ್ಲಿ ಮಳಿಗೆ ಹೋಗುತ್ತದೆ. ಬಾಣಲೆಗಳನ್ನು ಲಾರಿಗೆ ಹಾಕುತ್ತಿದ್ದವನ ಬೆನ್ನು ಕಣ್ಣ ಮುಂದೆ ಬಂತು. ನನಗೆ ತಲೆ ಕೆಟ್ಟಿತು.

"ಹಂಗಾದ್ರೆ ಮೂವತ್ತೆರಡು ಟಿಕ್ ಯಾಕೆ ಹಾಕಿದ್ರಿ?" ಎಂದು ಕೂಗಿದೆ. "ನೆಲ ಸರಿ ಇದೆ, ಯಂತ್ರ ಸರಿ ಇದೆ, ಹಿಟ್ಟು ತಿಂದು ಒಬ್ಬನಿಗೂ ಹೊಟ್ಟೆ ಕೆಟ್ಟಿಲ್ಲ. ಒಂದು ಪುಸ್ತಕಕ್ಕೆ ಮಳಿಗೆ ಕಿತ್ಕೊತೀರಾ? ನಮ್ಮೂರಲ್ಲೂ ಇದೇ! ಅಲ್ಲಿ ಪುಸ್ತಕ ತುಂಬಿದ್ದರೆ ಸಾಕು ಅಂದ್ರು, ಕರೆಂಟು ಕೊಡದೆ ಕೊಂದ್ರು. ನೀವು ಕರೆಂಟು ಕೊಟ್ಟು, ಪುಸ್ತಕ ತುಂಬಿದ್ದಕ್ಕೆ ಕೊಲ್ತೀರಾ? ಯಾವ ಸರ್ಕಾರಕ್ಕೆ ಏನು ಬೇಕು ಅಂತ ನಾನು ಹೆಂಗೆ ತಿಳ್ಕೊಳ್ಳೋದು?"

"ಅಣ್ಣೇ! ಸುಮ್ಮನಿರಿ ಲಾ!" ಸುಗಂಧಿ ನನ್ನ ಅಂಗಿ ಹಿಡಿದು ಎಳೆದಳು.

ಪುವಾನ್ ರೋಹಾನಾ ಹೆದರಲಿಲ್ಲ, ಸಿಟ್ಟಾಗಲೂ ಇಲ್ಲ. "ಏನು ಬೇಕು ಅಂತ ಹೇಳುತ್ತೇನೆ ಕೇಳಿ. ನಿಮ್ಮ ಹಿಟ್ಟು ಕೆಟ್ಟರೆ ನನಗೆ ಆಶ್ಚರ್ಯವಿಲ್ಲ. ಹಿಟ್ಟು ಕೆಡುತ್ತದೆ. ಕೆಟ್ಟದ್ದು ನಿಮಗೆ ಗೊತ್ತಾಯಿತಾ, ಗೊತ್ತಾದ ಮೇಲೆ ಏನು ಮಾಡಿದಿರಿ, ನನಗೆ ಅದು ಬೇಕು. ನಾಳೆ ವಿಮಾನದಲ್ಲಿ ಇನ್ನೂರು ಜನ ನಿಮ್ಮ ಇಡ್ಲಿ ತಿನ್ನುತ್ತಾರೆ. ಅವರಿಗೆ ನಿಮ್ಮ ಮುಖ ಗೊತ್ತಿಲ್ಲ. ನನ್ನ ಕಾಗದ ನೋಡಿ ತಿನ್ನುತ್ತಾರೆ. ನನ್ನ ಕಾಗದ ನಿಮ್ಮ ಕಾಗದದ ಮೇಲೆ ನಿಂತಿದೆ. ಇದರ ಮೇಲೆ," ಎಂದು ಪುಸ್ತಕ ಎತ್ತಿ ತೋರಿಸಿದರು, "ಹೇಗೆ ನಿಲ್ಲಲಿ?"

ಚೀಲದ ಜಿಪ್ಪು ಎಳೆದರು. ಗಡಿಯಾರ ನೋಡಿಕೊಂಡರು. ಹನ್ನೊಂದೂ ಇಪ್ಪತ್ತು. ಶುಕ್ರವಾರ ಹನ್ನೆರಡೂಕಾಲಿಗೆ ಕಚೇರಿಗಳೆಲ್ಲ ನಮಾಜಿಗೆ ಬಿಡುತ್ತವೆ.

ಆಗ ಹಿಂದೆ ಢಣಾರ್ ಎಂದು ಸದ್ದಾಯಿತು. ರತ್ನ ಬೇಳೆ ಡ್ರಮ್ಮಿನ ಮುಚ್ಚಳ ತೆಗೆದು ನೆಲಕ್ಕೆ ಎಸೆದಿದ್ದಳು. ಸುರುಳಿಯನ್ನು ಹೊರಗೆಳೆದು, ಬೇಳೆಯ ಹೊಟ್ಟು ಕೊಡವಿ, ನನ್ನ ಮುಖ ನೋಡದೆ ಪುವಾನ್ ಮುಂದಿನ ಮೇಜಿನ ಮೇಲೆ ಹರಡಿದಳು. ಅದು ಮತ್ತೆ ಸುತ್ತಿಕೊಳ್ಳದಂತೆ ಎರಡು ಕಡೆ ಎರಡು ತೂಕದ ಬಟ್ಟು ಇಟ್ಟಳು.

"ಇದು ನಿಜ," ಎಂದಳು ತನಗೆ ಬರುವ ಸಂತೆಯ ಮಲಯ್‌ನಲ್ಲಿ. "ಪ್ರತಿ ದಿನ. ನಾನು."

ಪುವಾನ್ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡರು. ಚೌಕದ ಮೂಲೆಯ ಸಣ್ಣ ಅಕ್ಷರದ ಮೇಲೆ ಬೆರಳಿಟ್ಟರು. "ಇದು ಉಷ್ಣತೆಯಾ?"

"ಇಲ್ಲ ಪುವಾನ್, ಅದು ರಾಹುಕಾಲ," ಎಂದಳು ಇಂಚರ. "ಕೆಟ್ಟ ಸಮಯ. ಆಗ ಹೊಸ ಕೆಲಸ ಶುರು ಮಾಡಬಾರದು ಅಂತ."

"ಇವತ್ತು ಎಷ್ಟು ಗಂಟೆಗೆ?"

ಇಂಚರ ತುಟಿ ಕಚ್ಚಿದಳು. "ಹತ್ತೂವರೆಯಿಂದ ಹನ್ನೆರಡು."

"ಓ. ಹಾಗಾದರೆ ನಾನೇ." ಪುವಾನ್ ತುಟಿಯಂಚಲ್ಲಿ ಒಂದು ಚೂರು ನಗು ಬಂದು ಹೋಯಿತು. "ಪೆನ್ಸಿಲಿನದು ಓದಿ. ಜೂನ್ ಹನ್ನೆರಡು."

ಇಂಚರ ನನ್ನ ಕಡೆ ನೋಡಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ರತ್ನಳಿಗೆ ಓದಲು ಬರುತ್ತದೆ, ಮಲಯ್‌ಗೆ ತಿರುಗಿಸಲು ಬರುವುದಿಲ್ಲ. ಓದಿ ತಿರುಗಿಸಬಲ್ಲವನು ನಾನೊಬ್ಬನೇ, ಪುವಾನ್ ಕೈ ತೋರಿಸಿದ್ದೂ ನನ್ನ ಕಡೆಗೇ.

ಓದಿದೆ. "ಜೂನ್ ಹನ್ನೆರಡು. ಕರೆಂಟ್ ಇಲ್ಲ. ಸಂಜೆ ಹನ್ನೊಂದು ಡಿಗ್ರಿ. ಹಿಟ್ಟು ಉಬ್ಬಿ ಡಬ್ಬದ ಮುಚ್ಚಳ ಎದ್ದಿದೆ. ಅರವತ್ತು ಕೇಜಿ ಚೆಲ್ಲಿದೆವು. ಅಂಗಡಿಗಳಿಗೆ ನಾಳೆ ಹಿಟ್ಟು ಇಲ್ಲ ಎಂದು ಸುಗಂಧಿಯಿಂದ ಫೋನ್ ಮಾಡಿಸಿದೆ."

ಇದು ಸುಲಭ. ಹೇಗಿದ್ದರೂ ಸಿಕ್ಕಿಬಿದ್ದ ದಿನ.

"ಈಗ ಜುಲೈ," ಎಂದರು. "ಒಂದನೇ ತಾರೀಖಿನಿಂದ."

ಜುಲೈ ಒಂದು, ನಾಲ್ಕು ಡಿಗ್ರಿ. ಎರಡು, ನಾಲ್ಕು. ಮೂರು, ಐದು. ಓದುತ್ತಾ ಹೋದೆ. ಎಂಟರ ಚೌಕಕ್ಕೆ ಬಂದು ನಿಂತೆ. ಅಲ್ಲಿ ಜಾಗ ಸಾಲದೆ ಬರವಣಿಗೆ ಕ್ಯಾಲೆಂಡರಿನ ಅಂಚಿಗೆ ಹರಿದು, ಅಂಚಿನಿಂದ ಕೆಳಕ್ಕೆ ಇಳಿದಿತ್ತು.

ಆ ಕೋಣೆಯಲ್ಲಿ ಕನ್ನಡ ಓದಲು ಬರುತ್ತಿದ್ದವರು ಇಬ್ಬರೇ. ನಾನು, ರತ್ನ. 'ಎಂಟು, ನಾಲ್ಕು ಡಿಗ್ರಿ' ಎಂದು ಮುಂದಕ್ಕೆ ಹೋದರೆ ಯಾರಿಗೆ ಗೊತ್ತಾಗುತ್ತದೆ? ರತ್ನ ಬಾಯಿ ಬಿಡುವವಳಲ್ಲ. ಬೇಳೆ ಡ್ರಮ್ಮಿಗೆ ಆತುಕೊಂಡು ನನ್ನನ್ನೇ ನೋಡುತ್ತಿದ್ದಳು. ಬೈಯುವ ನೋಟವಲ್ಲ, ಬೇಡುವ ನೋಟವೂ ಅಲ್ಲ. ಹಿಟ್ಟು ಹುದುಗು ಬಂತಾ ಎಂದು ಮುಚ್ಚಳ ಎತ್ತಿ ನೋಡುತ್ತಾಳಲ್ಲ, ಆ ಥರ.

"ಎಂಚಿಕ್?"

ಚೌಕದ ಮೇಲೆ ಬೆರಳಿಟ್ಟೆ. "ಜುಲೈ ಎಂಟು. ಬೆಳಿಗ್ಗೆ ನಾಲ್ಕು. ಮಧ್ಯಾಹ್ನ ಒಂಬತ್ತು." ಮುಂದಿನದನ್ನು ಒಂದೇ ಉಸಿರಿಗೆ ಓದಿದೆ. "ಇವರು ಬಾಗಿಲು ತೆಗೆದಿಟ್ಟುಕೊಂಡು ರಟ್ಟಿನ ಪೆಟ್ಟಿಗೆಯವನ ಜೊತೆ ಅರ್ಧ ಗಂಟೆ ಫೋನಿನಲ್ಲಿ ಜಗಳ. ಬಾಗಿಲು ಹಾಕಿ ಅಂದರೆ ನನ್ನ ಮೇಲೇ ಎಗರಿದರು. ಬಾಗಿಲ ಹತ್ತಿರದ ಎರಡು ಟಬ್ ತೆಗೆದಿಟ್ಟೆ. ಮಾರಾಟಕ್ಕೆ ಕೊಡಲಿಲ್ಲ. ಇವರಿಗೆ ಹೇಳಿಲ್ಲ."

"ಇವರು ಅಂದರೆ ಯಾರು?"

"ನಾನು," ಎಂದೆ.

ಪ್ಯಾಕಿಂಗಿನ ಹೆಂಗಸೊಬ್ಬಳು ಕೆಮ್ಮಿದಳು, ಕೆಮ್ಮಲ್ಲ ಅದು. ನನ್ನ ಕಿವಿ ಬಿಸಿಯಾಯಿತು. ಎರಡು ಟಬ್ ಎಲ್ಲಿ ಹೋಯಿತೆಂದು ನಾನು ಆ ವಾರವೆಲ್ಲ ಪ್ಯಾಕಿಂಗಿನವರ ಮೇಲೆ ಹಾರಾಡಿದ್ದೆ.

ಪುವಾನ್ ಸೀದಾ ಕೋಲ್ಡ್ ರೂಮಿನ ಹತ್ತಿರ ಹೋದರು. ಬಾಗಿಲ ಮೇಲೆ ಕೆಂಪು ಅಂಕಿಯ ಸಣ್ಣ ಪೆಟ್ಟಿಗೆ ಇದೆ. ಅದರ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ ಹಿಡಿದರು. ಅಂಕಿ ಒಂದು ಸಲ ಆರಿ, ಮತ್ತೆ ಹತ್ತಿ, ಓಡತೊಡಗಿತು.

"ಹಿಂದಿನ ಮೂವತ್ತು ದಿನಗಳಲ್ಲಿ ಪ್ರತಿ ದಿನದ ಗರಿಷ್ಠ ಉಷ್ಣತೆ ಇದರೊಳಗೇ ಇರುತ್ತದೆ," ಎಂದರು. "ಜೋಡಿಸಿದವರು ನೀವಲ್ಲವಾ?"

ಜೋಡಿಸಿದವನು ನಾನೇ. ಆ ಎರಡು ಗುಂಡಿಯನ್ನು ಒಟ್ಟಿಗೆ ಒತ್ತಿದರೆ ಹೀಗಾಗುತ್ತದೆಂದು ಕನಸಿನಲ್ಲೂ ಗೊತ್ತಿರಲಿಲ್ಲ.

"ಎಂಟು," ಎಂದು ಇಂಚರ ಪೆಟ್ಟಿಗೆಯ ಕೆಳಗೆ ನಿಂತು ಓದಿದಳು. "ನೈನ್ ಪಾಯಿಂಟ್ ಟೂ!"

"ರತ್ನಂದು ಒಂಬತ್ತು!" ಎಂದು ಸುಗಂಧಿ ಕೂಗಿದಳು.

"ಹದಿನಾರು," ಎಂದರು ಪುವಾನ್. "ಕ್ಯಾಲೆಂಡರಿನಲ್ಲಿ?"

"ಆರು," ಎಂದು ಓದಿದೆ. "ಸರಕು ಬಂತು, ಬಾಗಿಲು ಹೆಚ್ಚು ಸಲ ತೆಗೆದದ್ದು."

"ಸಿಕ್ಸ್ ಪಾಯಿಂಟ್ ಒನ್! ಅಮ್ಮಾ!"

"ಇಪ್ಪತ್ತೊಂದು?"

"ನಾಲ್ಕು."

"ಫೋರ್ ಪಾಯಿಂಟ್ ಫೋರ್!"

ಸುಗಂಧಿ ಚಪ್ಪಾಳೆ ತಟ್ಟಿದಳು. ಪ್ಯಾಕಿಂಗಿನ ಮೂವರೂ ಕೆಲಸ ಬಿಟ್ಟು ಬಾಗಿಲಿಗೆ ಬಂದಿದ್ದರು. ಅವರ ನಡುವೆ ರತ್ನ ಮಾತ್ರ ಸುಮ್ಮನೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಿದ್ದಳು, ಕೈ ಒಣಗಿದ್ದರೂ.

ಪುವಾನ್ ರೋಹಾನಾ ಮೇಜಿಗೆ ಬಂದು ನನ್ನ ಪುಸ್ತಕ ತೆರೆದರು. ಪ್ರತಿ ಹಾಳೆಯ ಮೇಲೂ ಮೂಲೆಯಿಂದ ಮೂಲೆಗೆ ಗೆರೆ ಎಳೆದು, ಪ್ರತಿ ಗೆರೆಯ ಕೆಳಗೂ ನನ್ನ ಸಹಿ ಹಾಕಿಸಿದರು. ಆರು ಹಾಳೆ, ಆರು ಸಹಿ. "ಇದು ನಿಮ್ಮ ಫೈಲಿನಲ್ಲಿ ಇರುತ್ತದೆ. ಮುಂದೆ ಬರುವ ಅಧಿಕಾರಿಯೂ ನೋಡುತ್ತಾರೆ." ಆಮೇಲೆ ಇನ್ನೊಂದು ಫಾರ್ಮು ತೆಗೆದರು. "ನಿಮ್ಮ ಪುಸ್ತಕ ಫೇಲ್. ಆದರೆ ದಾಖಲೆ ಇಲ್ಲ ಎಂದು ನಾನು ಬರೆಯಲಾರೆ, ಇದೆ. ಯಾವ ಭಾಷೆಯಲ್ಲಿ ಬರೆಯಬೇಕು ಎಂದು ನಿಯಮ ಹೇಳಿಲ್ಲ. ಆದರೆ ನನ್ನ ಮೇಲಿನವರಿಗೆ ಅರ್ಥವಾಗಬೇಕು. ಕ್ಯಾಲೆಂಡರಿನ ಪ್ರತಿಯೊಂದು ಚೌಕ ಈ ಫಾರ್ಮಿಗೆ ಬರಬೇಕು, ಪ್ರತಿ ಹಾಳೆಯ ಫೋಟೋ ಜೊತೆಗೆ. ಬಾಗಿಲು ತನ್ನಷ್ಟಕ್ಕೆ ಮುಚ್ಚಿಕೊಳ್ಳುವ ವ್ಯವಸ್ಥೆ ಆಗಬೇಕು. ಬುಧವಾರ ಮಧ್ಯಾಹ್ನ ಹನ್ನೆರಡರೊಳಗೆ ಕಚೇರಿಯಲ್ಲಿ ಇರಬೇಕು. ಹನ್ನೆರಡೂ ಐದಕ್ಕೆ ಬಂದರೆ ನಾನು ಏನೂ ಮಾಡಲಾರೆ."

"ದಾಖಲೆ ಬರೆಯುವವರ ಹೆಸರು" ಎಂಬ ಕಡೆ ನನ್ನ ಹೆಸರಿತ್ತು. ಅದನ್ನು ಹೊಡೆದುಹಾಕಿ, ರತ್ನಳ ಕಡೆ ತಿರುಗಿ ಕಾಗುಣಿತ ಕೇಳಿ ಬರೆದುಕೊಂಡರು.

ಹೊರಡುವಾಗ ಹೇಳಿದರು, "ಈ ಮಳಿಗೆಗೆ ಸರದಿಯಲ್ಲಿ ನಲವತ್ತು ಜನ ಇದ್ದಾರೆ, ಎಂಚಿಕ್. ಅವರಲ್ಲಿ ಯಾರಾದರೂ ನನ್ನನ್ನು ಕೇಳಿದರೆ ಈ ಕ್ಯಾಲೆಂಡರ್ ತೋರಿಸುವಂತಿರಬೇಕು."

ಆ ನಾಲ್ಕು ದಿನ ನಾವು ಕುಣಿದದ್ದೇ ಕುಣಿದದ್ದು. ಹಿಟ್ಟು ರುಬ್ಬುವುದು ನಿಲ್ಲಿಸುವಂತಿಲ್ಲ. ಗ್ರೈಂಡರಿನ ಸದ್ದಿನ ನಡುವೆ ರತ್ನ ಒಂದೊಂದೇ ಚೌಕ ಕೂಗಿ ಓದುವುದು, ಇಂಚರ ಟೈಪ್ ಮಾಡುವುದು. "ಅಮ್ಮಾ, 'ಹಿಟ್ಟು ಮುನಿಸಿಕೊಂಡಿದೆ' ಅಂದ್ರೆ ಏನು? ನಾನು ಇದನ್ನ ಹೇಗೆ ಬರೀಲಿ?" "ಹುದುಗು ಬಂದಿಲ್ಲ ಅಂತ ಬರಿಯೇ." ಮಧ್ಯೆ ತಮಿಳು ಮುಸ್ಲಿಮರ ಮಮಕ್ ಹೋಟೆಲಿನಿಂದ ರೊಟ್ಟಿ ತಪೌ, ಅಂದರೆ ಪಾರ್ಸೆಲ್, ಕಟ್ಟಿಸಿಕೊಂಡು ಬಂದು ಮೇಜಿನ ಮೇಲೇ ತಿಂದೆವು. ಕ್ಯಾಲೆಂಡರಿಗೆ ಸಾರಿನ ಹನಿ ಬಿದ್ದಾಗ ರತ್ನ ನನ್ನ ತಟ್ಟೆಯನ್ನೇ ಎತ್ತಿ ಆಚೆ ಇಟ್ಟಳು.

ಬಾಗಿಲಿನ ಕೆಲಸ ನನ್ನದು. ಸ್ಪ್ರಿಂಗ್, ಕಬ್ಬಿಣದ ಪಟ್ಟಿ, ರಬ್ಬರ್ ಗುಂಡು. ನಲವತ್ತು ನಿಮಿಷದಲ್ಲಿ ಮುಗಿಸಿದೆ. ಕೈ ಬಿಟ್ಟರೆ ಬಾಗಿಲು ತಾನೇ ಹೋಗಿ ಟಪ್ ಎಂದು ಕೂರುತ್ತದೆ. ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು. ಯಾರೂ ಕೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಬುಧವಾರ ಬೆಳಿಗ್ಗೆ ಕಚೇರಿಗೆ ಹೊರಟಾಗ ಹಳೇ ಬುದ್ಧಿ ಬಿಡಲಿಲ್ಲ. ಒಂದು ಕೇಜಿ ಮೈಸೂರುಪಾಕು ಕೊಂಡು ವ್ಯಾನಿನಲ್ಲಿಟ್ಟಿದ್ದೆ. ಸುಗಂಧಿ ಡಬ್ಬ ನೋಡಿದಳು.

"ಇದು ಯಾರಿಗೆ ಅಣ್ಣೇ?"

"ಸುಮ್ನೆ. ಕೌಂಟರಿನವರಿಗೆ. ಬಾಯಿ ಸಿಹಿ ಮಾಡ್ಕೊಳ್ಳಿ ಅಂತ."

"ಡಬ್ಬ ವ್ಯಾನಲ್ಲೇ ಇರಲಿ. ಒಳಗೆ ತಂದ್ರೆ ನಾನೇ ಕಂಪ್ಲೇಂಟ್ ಕೊಡ್ತೀನಿ ಲಾ. ದೊಡ್ಡ ಪಾಲು ನಂದು, ನೆನಪಿರಲಿ."

ಟೋಕನ್ ತೆಗೆದುಕೊಂಡಾಗ ಹನ್ನೊಂದೂ ಹತ್ತು. ನಮ್ಮ ಮುಂದೆ ಒಂಬತ್ತು ಜನ. ಗಡಿಯಾರ ಒಂದು ಕಡೆ, ಟೋಕನ್ ಬೋರ್ಡು ಇನ್ನೊಂದು ಕಡೆ. ಕುತ್ತಿಗೆ ನೋವು ಬಂತು. ಎದ್ದು ಹೋಗಿ ಜಗಳ ತೆಗೆಯೋಣವೆಂದು ಮೂರು ಸಲ ಎದ್ದೆ, ಮೂರು ಸಲವೂ ಸುಗಂಧಿ ಅಂಗಿ ಹಿಡಿದು ಕೂರಿಸಿದಳು. ಹನ್ನೊಂದೂ ಐವತ್ತೆರಡಕ್ಕೆ ನಮ್ಮ ನಂಬರ್ ಬಂತು. ಕಿಟಕಿಯ ಹಿಂದಿದ್ದ ಹುಡುಗಿ ಹಾಳೆ ಎಣಿಸಿ, ಸೀಲು ಒತ್ತಿ, ರಸೀತಿಯಲ್ಲಿ 11:58 ಎಂದು ಅಚ್ಚು ಹಾಕಿ ಕೊಟ್ಟಳು. ಯಾರ ಕಡೆಯವರು ಎಂದು ಕೇಳಲಿಲ್ಲ. ಹೊರಗೆ ಬಂದು ವ್ಯಾನಿನಲ್ಲಿ ಕೂತು ಮೈಸೂರುಪಾಕು ನಾವಿಬ್ಬರೇ ಅರ್ಧ ಡಬ್ಬ ತಿಂದೆವು.

ಗುರುವಾರ ಏನೂ ಬರಲಿಲ್ಲ. ಶುಕ್ರವಾರ, ಮೂವತ್ತೊಂದು. ಬೆಳಿಗ್ಗೆಯಿಂದ ಇಂಚರ ಫೋನ್ ಕೈಯಿಂದ ಇಳಿಸಿರಲಿಲ್ಲ. ಮಧ್ಯಾಹ್ನ ಮಳಿಗೆ ಸಂಸ್ಥೆಯವನೊಬ್ಬ ಬೀಗದಕೈ ಗೊಂಚಲು ಹಿಡಿದು ಸಾಲಿನಲ್ಲಿ ಅಡ್ಡಾಡುತ್ತಿದ್ದ. ಬೇರೆ ಯಾವುದೋ ಕೆಲಸಕ್ಕೆ ಬಂದವನಿರಬೇಕು, ಆದರೂ ಅವನು ತಿರುಗಿದ ಕಡೆಗೆಲ್ಲ ನನ್ನ ಕಣ್ಣು. ಸುಮ್ಮನಿರಲಾರದೆ ಕೋಲ್ಡ್ ರೂಮಿನೊಳಗೆ ಹೋಗಿ ಟಬ್ಬುಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ.

ಮೂರೂ ಹತ್ತಕ್ಕೆ ಹೊರಗೆ ಇಂಚರ ಚೀರಿದಳು.

ಹುಟ್ಟಿದಾಗಿನಿಂದ ನನಗೆ ಅರ್ಧ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟವಳು, ಅವತ್ತು ಮಾತ್ರ ಅಚ್ಚ ಕನ್ನಡದಲ್ಲಿ ಕೂಗಿದಳು. "ಅಪ್ಪಾ, ಬಂತು! ಬಂತು ಬಂತು ಬಂತು!"

ಬಾಗಿಲನ್ನು ಹೆಗಲಿಂದ ತಳ್ಳಿಕೊಂಡು ನಿಂತೆ. ಫೋನಿನಲ್ಲಿ ಹಸಿರು ಮುದ್ರೆ, ನಮ್ಮ ಮಳಿಗೆಯ ನಂಬರು, ಮೂರು ವರ್ಷದ ಗಡುವು. ಕೆಳಗೆ, ದಾಖಲೆಯ ಜವಾಬ್ದಾರಿ ಎಂಬಲ್ಲಿ, ರತ್ನ ಚಾಮಯ್ಯ. ಸುಗಂಧಿ ಓಡಿ ಬಂದು ರತ್ನಳನ್ನು ಎತ್ತಿಯೇ ಬಿಟ್ಟಳು. ಪ್ಯಾಕಿಂಗಿನವರು ಚಮಚದಿಂದ ಟಬ್ಬಿನ ಮುಚ್ಚಳ ಬಡಿದರು. ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. ಬೀಗದಕೈ ಗೊಂಚಲಿನವನು ಗಾಬರಿಯಿಂದ ಬಾಗಿಲಿಗೆ ಬಂದು ಇಣುಕಿದ. ಅವನಿಗೂ ಉಳಿದ ಮೈಸೂರುಪಾಕು ತಿನ್ನಿಸಿದೆ. ಕೆಲಸ ಮುಗಿದ ಮೇಲೆ ಕೊಟ್ಟದ್ದು, ಯಾರೂ ಕೇಳುವಂತಿಲ್ಲ.

ಕೂಗು ಸ್ವಲ್ಪ ಇಳಿದಾಗ ರತ್ನಳ ದನಿ ಕೇಳಿಸಿತು.

"ರೀ! ಬಾಗಿಲು!"

ಅಷ್ಟು ಹೊತ್ತೂ ನಾನು ಕೋಲ್ಡ್ ರೂಮಿನ ಬಾಗಿಲಿಗೆ ಬೆನ್ನು ಕೊಟ್ಟೇ ನಿಂತಿದ್ದೆ. ನನ್ನದೇ ಸ್ಪ್ರಿಂಗ್ ನನ್ನ ಬೆನ್ನನ್ನು ನೂಕುತ್ತಿತ್ತು, ನನಗೆ ತಿಳಿದಿರಲಿಲ್ಲ. ಪಕ್ಕಕ್ಕೆ ಸರಿದೆ. ಟಪ್ ಎಂದು ಮುಚ್ಚಿಕೊಂಡಿತು. ಮೇಲಿನ ಪೆಟ್ಟಿಗೆಯಲ್ಲಿ ಕೆಂಪು ಅಂಕಿ ಆರೂವರೆ ತೋರಿಸುತ್ತಿತ್ತು.

ಎಲ್ಲರೂ ರತ್ನಳ ಕಡೆ ನೋಡಿದೆವು. ಅವಳು ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು, ಮತ್ತೆ ಮೊಳೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಮುಂದೆ ನಿಂತಳು. ಮೂವತ್ತೊಂದರ ಚೌಕ ಆ ಹಾಳೆಯ ಕೊನೆಯದು, ಪಕ್ಕದಲ್ಲಿ ಜಾಗ ಬೇಕಾದಷ್ಟಿತ್ತು.

"ಇವತ್ತೊಂದು ದಿನ ಬಿಡೇ," ಎಂದೆ.

ಅವಳು ಬಿಡಲಿಲ್ಲ. ಓದಿಕೊಂಡೇ ಬರೆದಳು. "ಮಧ್ಯಾಹ್ನ ಮೂರೂಕಾಲು, ೬॥. ಸರ್ಟಿಫಿಕೇಟ್ ಬಂತು. ಇವರು ಬಾಗಿಲು ಹಿಡಿದುಕೊಂಡು ಕುಣಿದರು. ಹಿಟ್ಟಿಗೆ ಏನೂ ಆಗಿಲ್ಲ."